ಎಪ್ಪತ್ತು ದಿನಗಳ ಲೆಕ್ಕ

ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಎಕ್ಸೆಲ್ ಶೀಟ್ ಇದೆ. ಐದು ವರ್ಷದಿಂದ ಸಾಕಿಕೊಂಡು ಬಂದದ್ದು. ಎ ಕಾಲಮ್ಮಿನಲ್ಲಿ ನಾನು ಐರ್ಲೆಂಡ್ ಬಿಟ್ಟ ದಿನ, ಬಿ ಕಾಲಮ್ಮಿನಲ್ಲಿ ವಾಪಸ್ ಬಂದ ದಿನ, ಸಿ ಕಾಲಮ್ಮಿನಲ್ಲಿ ಎರಡರ ನಡುವಿನ ದಿನಗಳು, ಡಿ ಕಾಲಮ್ಮಿನಲ್ಲಿ ಕಾರಣ. "ತಂಗಿ ಮದುವೆ, 22". "ಬಾರ್ಸಿಲೋನಾ, ಆಫೀಸು, 4". "ಊರಹಬ್ಬ, 26". ಕೊನೆಯ ಸಾಲಿನಲ್ಲಿ ಕಾರಣದ ಜಾಗದಲ್ಲಿ ಒಂದೇ ಪದ ಇದೆ, "ಅಪ್ಪ". ಪಕ್ಕದಲ್ಲಿ 17.

ಈ ಹದಿನೇಳರ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ, ಆಗಿರಲಿಲ್ಲ. ಮೊದಲು ಲೆಕ್ಕ ಹೇಳ್ತೀನಿ, ಆಮೇಲೆ ಮಿಕ್ಕಿದ್ದು.

ಐರ್ಲೆಂಡಿನ ಪಾಸ್‌ಪೋರ್ಟ್ ಬೇಕಾದರೆ ಮೊದಲು ಅಲ್ಲಿಯ ಪ್ರಜೆ ಆಗಬೇಕು. ಹೊರಗಿನಿಂದ ಬಂದು ನೆಲೆಸಿದ ನನ್ನಂಥವರು ಕಳೆದ 9 ವರ್ಷಗಳಲ್ಲಿ ಒಟ್ಟು 5 ವರ್ಷ ಅಲ್ಲಿ ವಾಸ ಮಾಡಿರಬೇಕು. ಅದರಲ್ಲೂ ಅರ್ಜಿ ಹಾಕುವುದಕ್ಕೆ ಮುಂಚಿನ ಒಂದು ವರ್ಷ 'ಸತತವಾಗಿ' ಇರಬೇಕು. ಸ್ಟೂಡೆಂಟ್ ವೀಸಾದಲ್ಲಿ ಕಳೆದ ವರ್ಷಗಳು ಲೆಕ್ಕಕ್ಕಿಲ್ಲ. ಎಂಎಸ್ ಮಾಡುತ್ತಾ ಗೋದಾಮಿನಲ್ಲಿ ರಾತ್ರಿ ಪಾಳಿ ದುಡಿದು, ಬಾಡಿಗೆ ಕಟ್ಟಿ, ಮಳೆಯಲ್ಲಿ ನೆನೆದ ಗೆಳೆಯರಿದ್ದಾರೆ. ಅವರು ಆ ವರ್ಷಗಳಲ್ಲಿ ಡಬ್ಲಿನ್ನಿನಲ್ಲಿ ಇದ್ದರು, ಆದರೆ ಕಾನೂನಿನ ಅರ್ಥದಲ್ಲಿ 'ವಾಸ' ಮಾಡಲಿಲ್ಲ. ನಾನು ಕೆಲಸದ ಪರ್ಮಿಟ್ಟಿನ ಮೇಲೆ ಬಂದವನಾದ್ದರಿಂದ ಮೊದಲ ದಿನದಿಂದಲೇ ನನ್ನ ಮೀಟರು ಓಡ್ತಾ ಇದೆ.

'ಸತತ' ಅನ್ನೋ ಪದಕ್ಕೂ ಒಂದು ಕಥೆ ಇದೆ. 2019ರ ಜುಲೈನಲ್ಲಿ ಅಲ್ಲಿಯ ಹೈಕೋರ್ಟು, ಸತತ ಅಂದರೆ ಸತತ, ಆ ವರ್ಷದಲ್ಲಿ ಒಂದು ದಿನವೂ ದೇಶ ಬಿಟ್ಟಿರಬಾರದು ಅಂತ ತೀರ್ಪು ಕೊಟ್ಟಿತು. ಒಂದು ವಾರಾಂತ್ಯ ಪ್ಯಾರಿಸ್ ನೋಡಿ ಬಂದವರೂ, ಅಜ್ಜಿ ತೀರಿಕೊಂಡಳು ಅಂತ ಊರಿಗೆ ಓಡಿದವರೂ ಒಂದೇ ತಕ್ಕಡಿಗೆ ಬಿದ್ದರು. ನವೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. 2023ರಲ್ಲಿ ಕಾನೂನನ್ನೇ ತಿದ್ದಿ, ಆ ಒಂದು ವರ್ಷದಲ್ಲಿ 70 ದಿನ ಹೊರಗಿರಬಹುದು, ಅಸಾಧಾರಣ ಕಾರಣ ಇದ್ದರೆ ಇನ್ನೂ 30 ದಿನ ಪರಿಗಣಿಸಬಹುದು ಅಂತ ಬರೆದರು. ಕುಟುಂಬದ ಪರಿಸ್ಥಿತಿ, ಆರೋಗ್ಯ ಎಲ್ಲ ಆ ಕಾರಣಗಳಲ್ಲಿ ಸೇರುತ್ತವೆ. ಹಾಗಾಗಿ ಕಾನೂನು ಕ್ರೂರವಾಗಿದೆ ಅಂತ ನಾನು ಹೇಳೋ ಹಾಗಿಲ್ಲ. ಅದು ನನಗಿಂತ ಮನುಷ್ಯತ್ವ ಇಟ್ಟುಕೊಂಡಿತ್ತು ಅಂತಲೇ ನನ್ನ ತಕರಾರು.

ಕಳೆದ ಚಳಿಗಾಲದ ಒಂದು ರಾತ್ರಿ ಅಣ್ಣ ಫೋನ್ ಮಾಡಿದ. "ಅಪ್ಪಂಗೆ ಬಲಗೈ ಎತ್ತಕ್ಕಾಗ್ತಿಲ್ಲ ಕಣೋ, ಬಾಯಿ ಒಂದ್ಕಡೆಗೆ ಸೊಟ್ಟಗಾಗೈತೆ. ತಿಪಟೂರಲ್ಲಿ ತೋರಿಸ್ಕಂಡು ತುಮಕೂರಿಗೆ ಕರ್ಕಂಡ್ ಹೋಯ್ತಾ ಇದೀವಿ" ಅಂದ. ಹಿಂದೆ ಗಾಡಿಯ ಸದ್ದು, ಅವ್ವನ ಅಳು. ಫೋನ್ ಇಟ್ಟು ಲ್ಯಾಪ್‌ಟಾಪ್ ತೆರೆದೆ. ವಿಮಾನದ ಟಿಕೆಟ್ ನೋಡೋಕೆ ಅಂತ. ಆದರೆ ನಾನು ಮೊದಲು ತೆರೆದದ್ದು ಟಿಕೆಟ್ಟಿನ ವೆಬ್‌ಸೈಟನ್ನಲ್ಲ, ಎಕ್ಸೆಲ್ ಶೀಟನ್ನು. 52 ದಿನ ಆಗಿತ್ತು. ಉಳಿದದ್ದು 18.

ಇದನ್ನು ಯಾರಿಗೂ ಹೇಳಿರಲಿಲ್ಲ. ಹೆಂಡತಿಗೂ. ಅದು ಎರಡು ಸೆಕೆಂಡಿನ ಕೆಲಸ, ಅದರಿಂದ ನನ್ನ ಪ್ರಯಾಣ ಒಂದು ನಿಮಿಷವೂ ತಡವಾಗಲಿಲ್ಲ. ಹಾಗಂತ ಸಮಾಧಾನ ಮಾಡಿಕೊಳ್ಳಬಹುದು. ಮಾಡಿಕೊಂಡೂ ಇದ್ದೆ, ಹದಿನೇಳನೆಯ ದಿನದವರೆಗೆ.

ಅಷ್ಟೊತ್ತಿಗೆ ಅಪ್ಪನನ್ನು ಮನೆಗೆ ಕರೆತಂದಿದ್ದೆವು. ಮಾತು ಸ್ವಲ್ಪ ಸ್ವಲ್ಪ ತಿರುಗುತ್ತಿತ್ತು. ಬೆಳಿಗ್ಗೆ ಕೈಗೆ ರಬ್ಬರ್ ಚೆಂಡು ಕೊಟ್ಟು ಹಿಸುಕಿಸುವುದು ನನ್ನ ಕೆಲಸ. ಹೊರಡುವ ದಿನ ಚೆಂಡು ಹಿಡಿದುಕೊಂಡೇ, ಪದ ಪದ ಹುಡುಕಿಕೊಂಡು ಕೇಳಿದರು, "ಇನ್ನೊಂದ್ ವಾರ... ಇರಕ್ಕಾಗಲ್ವೇನೋ?" ಆಫೀಸಲ್ಲಿ ರಜ ಇಲ್ಲಪ್ಪ ಅಂದೆ. ಸುಳ್ಳು. ಮ್ಯಾನೇಜರು ಎಷ್ಟು ದಿನ ಬೇಕೋ ಅಷ್ಟು ತಗೋ ಅಂದಿದ್ದ. ಇನ್ನೊಂದು ವಾರ ಇದ್ದಿದ್ದರೆ ಆ ಹೆಚ್ಚುವರಿ 30 ದಿನದ ವಿನಾಯಿತಿ ಕೇಳಬೇಕಾಗುತ್ತಿತ್ತು. ಅದು ಹಕ್ಕಲ್ಲ, ಮಂತ್ರಿಯ ವಿವೇಚನೆಗೆ ಬಿಟ್ಟದ್ದು. ರಿಸ್ಕ್ ಯಾಕೆ ಅನ್ನಿಸಿತು. ಇನ್ನೂ ಸರಳವಾದ ದಾರಿಯೂ ಇತ್ತು. ಅರ್ಜಿಯನ್ನು ಕೆಲವು ತಿಂಗಳು ಮುಂದಕ್ಕೆ ಹಾಕಿದ್ದರೆ ಹಳೆಯ ದಿನಗಳು ಲೆಕ್ಕದಿಂದ ತಾವೇ ಜಾರಿ ಹೋಗುತ್ತಿದ್ದವು. ಅದು ಗೊತ್ತಿದ್ದೂ ನಾನು ಬೆಂಗಳೂರಿನ ಬಸ್ಸು ಹತ್ತಿದೆ.

ನಾನು ಇಷ್ಟೆಲ್ಲ ಯಾವುದಕ್ಕೋಸ್ಕರ ಮಾಡಿದೆ? ಪ್ರಾಮಾಣಿಕವಾಗಿ ಪಟ್ಟಿ ಮಾಡಿದರೆ ಕಾರಣಗಳು ಸಣ್ಣವು. ಐರ್ಲೆಂಡ್ ಯುರೋಪಿಯನ್ ಒಕ್ಕೂಟದಲ್ಲಿದೆ, ಆದರೆ ಷೆಂಗನ್‌ನಲ್ಲಿಲ್ಲ. ಹಾಗಾಗಿ ಅಲ್ಲೇ ತೆರಿಗೆ ಕಟ್ಟಿಕೊಂಡು ಬದುಕುವ ನಾನು ನಾಲ್ಕು ದಿನದ ಬಾರ್ಸಿಲೋನಾಕ್ಕೂ ವೀಸಾಕ್ಕೆ ಬೆರಳು ಒತ್ತಬೇಕು. ಬೆಲ್‌ಫಾಸ್ಟ್ ಬಸ್ಸಿನಲ್ಲಿ ಎರಡು ಗಂಟೆ. ಗಡಿ ಯಾವಾಗ ದಾಟಿದಿರಿ ಅನ್ನೋದೇ ತಿಳಿಯೋದಿಲ್ಲ, ಮೈಲಿಗಲ್ಲು ಹೋಗಿ ಕಿಲೋಮೀಟರಿನ ಬದಲು ಮೈಲಿಯ ಬೋರ್ಡು ಬಂತು ಅಂದರೆ ದಾಟಿದಿರಿ ಅಂತ. ಅಲ್ಲಿಗೂ ನನಗೆ ಬ್ರಿಟನ್ನಿನ ವೀಸಾ ಬೇಕು. ಸಹೋದ್ಯೋಗಿಗಳು ಶನಿವಾರ ಸಾಮಾನು ತರೋಕೆ ಹೋಗುವ ಊರದು. ಆ ಕಡುಗೆಂಪು ಪುಸ್ತಕ ಒಂದಿದ್ದರೆ ಒಕ್ಕೂಟದ 27 ದೇಶಗಳಲ್ಲಿ ಎಲ್ಲಿ ಬೇಕಾದರೂ ಕೆಲಸ ಮಾಡಬಹುದು, ಬ್ರಿಟನ್ನಿನಲ್ಲೂ ಮಾಡಬಹುದು. ಲೇಆಫ್ ಆದರೆ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ. ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಈ ವಿಷಯ ಬಂದಾಗ ಎಲ್ಲರ ಮಾತೂ ಇದರ ಸುತ್ತಲೇ. ಅರ್ಜಿಗೆ 175 ಯೂರೋ, ಮಂಜೂರಾದ ಮೇಲೆ 950 ಯೂರೋ, ಪ್ರತಿ ವರ್ಷದ ವಾಸಕ್ಕೂ 150 ಪಾಯಿಂಟಿನಷ್ಟು ದಾಖಲೆ. ಯಾವ ಬ್ಯಾಂಕ್ ಸ್ಟೇಟ್‌ಮೆಂಟಿಗೆ ಎಷ್ಟು ಪಾಯಿಂಟು ಅನ್ನೋದರ ಮೇಲೆ ನೂರು ಮೆಸೇಜು ಬರುತ್ತವೆ. ಪ್ರಮಾಣದ ಮಾತು ಬಂದರೆ ಯಾರೋ ಒಬ್ಬರು, "ಅದು ಫಾರ್ಮಾಲಿಟಿ ಬಿಡ್ರಿ" ಅಂತಾರೆ.

ಫಾರ್ಮಾಲಿಟಿಯಾ? ಸಮಾರಂಭದಲ್ಲಿ ಎಲ್ಲರೂ ಎದ್ದು ನಿಂತು, ಐರಿಷ್ ರಾಷ್ಟ್ರಕ್ಕೆ ನಿಷ್ಠೆ, ಆ ಪ್ರಭುತ್ವಕ್ಕೆ ಬದ್ಧತೆ, ಕಾನೂನಿಗೆ ವಿಧೇಯತೆ, ಪ್ರಜಾಸತ್ತೆಯ ಮೌಲ್ಯಗಳಿಗೆ ಗೌರವ ಅಂತ ಘೋಷಿಸಬೇಕು. ಕಾನೂನು ಪಾಲಿಸುವುದು, ಗೌರವಿಸುವುದು ಸರಿ, ಅದು ನಡವಳಿಕೆ. ನಿಷ್ಠೆ ಅನ್ನೋದು ನಡವಳಿಕೆಯಲ್ಲ. ಏರ್‌ಪೋರ್ಟಿನ ಕ್ಯೂ ತಪ್ಪಿಸಿಕೊಳ್ಳೋಕೆ ನಿಷ್ಠೆ ಘೋಷಿಸಿದರೆ ಅದು ಸುಳ್ಳು ಪ್ರಮಾಣವೋ, ಅಲ್ಲವೋ? ನಮ್ಮೂರಲ್ಲಿ ಗಡಿಜಗಳ ಬಂದರೆ ದೇವರ ಮುಂದೆ ಕರ್ಪೂರ ಹಚ್ಚಿ ಆಣೆ ಮಾಡಿಸುತ್ತಿದ್ದರು. ಕೋರ್ಟಿನಲ್ಲಿ ಸಲೀಸಾಗಿ ಸುಳ್ಳು ಹೇಳಿದವನೂ ಕರ್ಪೂರ ಕಂಡರೆ ಹಿಂದೆ ಸರಿಯುತ್ತಿದ್ದ. ನನಗೆ ದೇವರ ಭಯ ಅಷ್ಟಾಗಿ ಇಲ್ಲ, ಆದರೆ ಮಾತು ಆಡಿದ ಮೇಲೆ ಅದು ಆಡಿದವನ ಮೇಲೆ ಬಾಕಿ ಅನ್ನೋದು ಮಾತ್ರ ಆ ಊರಿನಿಂದ ಉಳಿದುಕೊಂಡಿದೆ.

ಇದನ್ನು ಹೇಳಿದಾಗ ಲಂಡನ್ ಆಫೀಸಿನಲ್ಲಿರುವ ನಮ್ಮ ಟೀಮಿನವನೊಬ್ಬ ನಕ್ಕ. ಅವನ ಅಜ್ಜಿ ಹುಟ್ಟಿದ್ದು ಕಾರ್ಕ್‌ನಲ್ಲಿ. 2016ರಲ್ಲಿ ಬ್ರೆಕ್ಸಿಟ್ ಪರ ಮತ ಬಿದ್ದ ಮೇಲೆ ಸಾವಿರಾರು ಬ್ರಿಟಿಷರ ಹಾಗೆ ಅವನೂ ಅಜ್ಜಿಯ ಜನನ ಪತ್ರ ಹುಡುಕಿ ತೆಗೆದ. ಅಜ್ಜನೋ ಅಜ್ಜಿಯೋ ಐರ್ಲೆಂಡ್ ದ್ವೀಪದಲ್ಲಿ ಹುಟ್ಟಿದ್ದರೆ ವಿದೇಶಿ ಜನನಗಳ ನೋಂದಣಿಯಲ್ಲಿ ಹೆಸರು ಬರೆಸಿ ಪ್ರಜೆ ಆಗಬಹುದು. ವಾಸ ಬೇಡ, ಎಕ್ಸೆಲ್ ಬೇಡ, ಪ್ರಮಾಣವೂ ಬೇಡ. "ನಾನು ಅಲ್ಲಿ ಕಳೆದದ್ದು ಒಟ್ಟು ಎರಡು ವೀಕೆಂಡು" ಅಂದ. ಇನ್ನೂ ಒಂದು ವಿಷಯ ಅವನಿಗೆ ಗೊತ್ತಿರಲಿಲ್ಲ, ನಾನೇ ಹೇಳಿದೆ. ನನ್ನ ಹಾಗೆ ಅರ್ಜಿ ಹಾಕಿ ಪ್ರಜೆಯಾದವನು ಮುಂದೆ ದೇಶ ಬಿಟ್ಟು ಏಳು ವರ್ಷ ಹೊರಗಿದ್ದರೆ, ಪೌರತ್ವ ಉಳಿಸಿಕೊಳ್ಳುವ ಉದ್ದೇಶ ಇದೆ ಅಂತ ಪ್ರತಿ ವರ್ಷ ಬರೆದು ಕೊಡಬೇಕು, ಇಲ್ಲದಿದ್ದರೆ ಅದನ್ನು ಹಿಂದಕ್ಕೆ ಪಡೆಯಲು ಕಾನೂನಿನಲ್ಲಿ ಅವಕಾಶ ಇದೆ. ಅವನು ಜೀವನಪೂರ್ತಿ ಲಂಡನ್ನಿನಲ್ಲೇ ಇದ್ದರೂ ಅಂಥದ್ದೇನೂ ಇಲ್ಲ. ರಕ್ತದಿಂದ ಬಂದದ್ದಕ್ಕೆ ಯಾರೂ ರಸೀದಿ ಕೇಳೋದಿಲ್ಲ.

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಯಾಕೆಂದರೆ ಭಾರತದ ಮಟ್ಟಿಗೆ ನಾನೂ ಅವನ ಹಾಗೇ. ಭಾರತಕ್ಕೆ ನಿಷ್ಠನಾಗಿರುತ್ತೇನೆ ಅಂತ ನಾನು ಯಾವತ್ತು ಸಹಿ ಹಾಕಿದ್ದೆ? ಸ್ಕೂಲಿನಲ್ಲಿ ಬಿಸಿಲಲ್ಲಿ ಕೈ ಚಾಚಿ ಪ್ರತಿಜ್ಞೆ ಹೇಳಿದ್ದೆ, ಅದೂ ಮುಂದಿದ್ದವನ ಬೆನ್ನಿಗೆ ಚಿವುಟುತ್ತಾ. ತಿಪಟೂರು ಸೀಮೆಯ ಒಂದು ತೆಂಗಿನ ತೋಟದ ಮನೆಯಲ್ಲಿ ಹುಟ್ಟಿದ್ದೇ ನನ್ನ ಅರ್ಹತೆ. ಯೋಚನೆ ಮಾಡಿ ಒಂದು ದೇಶಕ್ಕೆ ಮಾತು ಕೊಡುತ್ತಿರುವುದು ಇದೇ ಮೊದಲು. ಹುಟ್ಟಿನಿಂದ ಬಂದದ್ದು ಹೆಚ್ಚೋ, ಮಾತಿನಿಂದ ಬಂದದ್ದು ಹೆಚ್ಚೋ ಅಂತ ಕೇಳಿದರೆ ನಾವು ತಕ್ಷಣ ಹುಟ್ಟು ಅಂತೀವಿ. ನಾವೇ ಮದುವೆಯಲ್ಲಿ ಮಾತ್ರ ಉಲ್ಟಾ ಹೇಳ್ತೀವಿ.

ಅವ್ವನಿಗೆ ಇದನ್ನೆಲ್ಲ ಫೋನಿನಲ್ಲಿ ಬಿಡಿಸಿ ಹೇಳೋಕೆ ಒದ್ದಾಡಿದೆ. ಇಂಡಿಯಾ ಬಿಟ್ಟಂಗೆ ಆಗುತ್ತವ್ವ, ಅಂದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಹದಿನೆಂಟಕ್ಕೆ ನಮ್ಮಪ್ಪನ ಮನೆ ಬಿಟ್ಟು ಈ ಊರಿಗೆ ಬಂದೆ. ಮನೆದೇವ್ರೇ ಬದಲಾತು. ನನ್ನ ಯಾರಾದ್ರೂ ಕೇಳಿದ್ರಾ?" ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ಅನ್ನಿಸಿತು, ಅವಳ ಮಾತಿನಲ್ಲಿ ನನಗೆ ಸಮಾಧಾನಕ್ಕಿಂತ ಏಟೇ ಜಾಸ್ತಿ ಇತ್ತು. ಅವಳನ್ನು ಯಾರೂ ಕೇಳಲಿಲ್ಲ, ಅದಕ್ಕೇ ಅವಳ ಮೇಲೆ ಯಾವ ಹೊಣೆಯೂ ಇಲ್ಲ. ನನ್ನನ್ನು ಕೇಳುತ್ತಿದ್ದಾರೆ. ನಮ್ಮ ಸಂವಿಧಾನದ 9ನೇ ವಿಧಿ, 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಎರಡೂ ನಿಂತಿರೋದು ಆ ಒಂದು ಪದದ ಮೇಲೆ: ಸ್ವಇಚ್ಛೆಯಿಂದ. ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದವನು ಭಾರತದ ಪ್ರಜೆಯಾಗಿ ಉಳಿಯುವುದಿಲ್ಲ. ರಾಜೀನಾಮೆ ಬರೆಯಬೇಕಿಲ್ಲ. ಅಲ್ಲಿ ಪಡೆದ ಕ್ಷಣ ಇಲ್ಲಿ ಹೋಯಿತು. ನೀಲಿ ಪಾಸ್‌ಪೋರ್ಟನ್ನು ರಾಯಭಾರ ಕಚೇರಿಗೆ ಒಪ್ಪಿಸುವುದು, ರದ್ದಾದ ಸೀಲು ಹಾಕಿಸಿಕೊಳ್ಳುವುದೆಲ್ಲ ಆಮೇಲಿನ ತಿಥಿ.

ಐರ್ಲೆಂಡಿನವರು ಹಾಗಲ್ಲ. ನೀವು ಎರಡು ದೇಶದ ಪ್ರಜೆ ಆಗಿರಿ, ಮೂರರ ಪ್ರಜೆ ಆಗಿರಿ, ಅವರಿಗೆ ತಕರಾರಿಲ್ಲ. ಯಾಕೆ ಅಂತ ಅರ್ಥವಾಗಬೇಕಾದರೆ ಡಬ್ಲಿನ್ನಿನ ಲಿಫಿ ನದಿಯ ದಂಡೆಯ ಮೇಲೆ ನಡೆಯಬೇಕು. ಪೌರತ್ವ ಸಮಾರಂಭಗಳು ನಡೆದಿರುವ ಕನ್ವೆನ್ಷನ್ ಸೆಂಟರ್ ಅಲ್ಲೇ ಇದೆ. ಎದುರಿಗೆ ವೀಣೆಯನ್ನು ಮಲಗಿಸಿದ ಹಾಗೆ ಕಾಣುವ ಸ್ಯಾಮ್ಯುಯೆಲ್ ಬೆಕೆಟ್ ಸೇತುವೆ. ಅದೇ ದಂಡೆಯ ಮೇಲೆ ಊರಿನ ಕಡೆ ಹತ್ತು ನಿಮಿಷ ನಡೆದರೆ ಕಂಚಿನ ಆಕೃತಿಗಳು ಸಿಗುತ್ತವೆ. ಎಲುಬು ಬಿಟ್ಟುಕೊಂಡ, ಚಿಂದಿ ಬಟ್ಟೆಯ, ಹಡಗಿನ ಕಡೆ ಹೆಜ್ಜೆ ಹಾಕುತ್ತಿರುವ ಮನುಷ್ಯರು. ಒಬ್ಬ ಹೆಗಲ ಮೇಲೆ ಮಗುವನ್ನು ಹೊತ್ತಿದ್ದಾನೆ, ಹಿಂದೆ ಒಂದು ಬಡಕಲು ನಾಯಿ. ರೋವನ್ ಗಿಲ್ಲೆಸ್ಪಿಯವರು ಮಾಡಿದ ಕ್ಷಾಮದ ಸ್ಮಾರಕ. 1845ರಲ್ಲಿ ಆಲೂಗಡ್ಡೆಗೆ ರೋಗ ಬಿದ್ದು ಶುರುವಾದ ಆ ಕ್ಷಾಮದಲ್ಲಿ ಹತ್ತು ಲಕ್ಷದಷ್ಟು ಜನ ಸತ್ತರು, ಅದಕ್ಕಿಂತ ಹೆಚ್ಚು ಜನ ಹಡಗು ಹತ್ತಿದರು. ಇವತ್ತಿಗೂ ಆ ದ್ವೀಪದ ಜನಸಂಖ್ಯೆ 1841ರ ಲೆಕ್ಕವನ್ನು ಮುಟ್ಟಿಲ್ಲ. ಹೊಸ ಸರ್ಟಿಫಿಕೇಟ್ ಹಿಡಿದು ಆಚೆ ಬಂದವರು ಫೋಟೋ ತೆಗೆಸಿಕೊಂಡು ಟ್ರಾಮ್ ಹಿಡಿಯೋಕೆ ಈ ಆಕೃತಿಗಳ ಪಕ್ಕದಲ್ಲೇ ಹಾದು ಹೋಗುತ್ತಾರೆ.

ಮಗ ಅಮೆರಿಕಕ್ಕೆ ಹೊರಡುವ ಹಿಂದಿನ ರಾತ್ರಿ ಅವರ ಹಳ್ಳಿಗಳಲ್ಲಿ 'ಅಮೆರಿಕನ್ ವೇಕ್' ಅಂತ ಮಾಡುತ್ತಿದ್ದರಂತೆ. ವೇಕ್ ಅಂದರೆ ಹೆಣದ ಮುಂದೆ ರಾತ್ರಿಯಿಡೀ ಕೂರುವುದು. ಹೋಗುವವನು ಜೀವಂತ ಇದ್ದಾನೆ, ಎದುರಿಗೇ ಕೂತಿದ್ದಾನೆ, ಆದರೆ ಮತ್ತೆ ನೋಡೋದಿಲ್ಲ ಅನ್ನೋದು ಎಲ್ಲರಿಗೂ ಗೊತ್ತು. ಹಾಗೆ ಹೋದವರು ಅಮೆರಿಕದ ಪ್ರಜೆಗಳಾದರು, ಬೇರೆ ಯಾವ ಪ್ರಭುತ್ವಕ್ಕೂ ನಿಷ್ಠೆ ಇಲ್ಲ ಅಂತ ಆ ದೇಶ ಕೇಳುವ ಪ್ರಮಾಣವನ್ನೂ ಮಾಡಿದರು. ಅವರನ್ನು ದ್ರೋಹಿಗಳು ಅಂತ ಕರೆದಿದ್ದರೆ ಐರ್ಲೆಂಡಿಗೆ ಉಳಿಯುತ್ತಿದ್ದವರು ಎಷ್ಟು ಮಂದಿ? ಅದಕ್ಕೇ ಮೊಮ್ಮಕ್ಕಳಿಗೂ ಬಾಗಿಲು ತೆಗೆದಿಟ್ಟಿದ್ದಾರೆ. ಲಂಡನ್ನಿನ ನನ್ನ ಸಹೋದ್ಯೋಗಿಗೆ ಸುಲಭವಾಗಿ ಸಿಕ್ಕಿತು ಅಂತ ನಾನು ಗೊಣಗುವ ಪಾಸ್‌ಪೋರ್ಟಿನ ಹಿಂದೆ ಅವನ ಅಜ್ಜಿ ಅತ್ತಿರಬಹುದಾದ ಒಂದು ರಾತ್ರಿ ಇದೆ. ಹಾಗಂತ ಅದೇ ದೇಶ ಎಲ್ಲರಿಗೂ ಉದಾರಿ ಅಂತಲೂ ಅಲ್ಲ. ಅಲ್ಲಿ ಹುಟ್ಟಿದ ಮಗುವಿಗೆ ತಾನಾಗಿಯೇ ಪೌರತ್ವ ಸಿಗುತ್ತಿದ್ದುದನ್ನು, ಅಪ್ಪ ಅಮ್ಮ ಹೊರಗಿನವರಾಗಿದ್ದರೆ ಸಿಗದ ಹಾಗೆ 2004ರ ಜನಮತದಲ್ಲಿ ಬದಲಾಯಿಸಿದರು. ಹೋದವರ ಮೊಮ್ಮಕ್ಕಳ ಮೇಲಿನ ಪ್ರೀತಿ ಬಂದವರ ಮಕ್ಕಳ ಮೇಲೆ ಅಷ್ಟಿರಲಿಲ್ಲ.

ಜನಮತ ಅಂದಾಗ ಇನ್ನೊಂದು ವಿಷಯ. ನಾನು ಪಾಸ್‌ಪೋರ್ಟನ್ನು ಬರೀ ಕ್ಯೂ ತಪ್ಪಿಸುವ ಸಾಧನ ಅಂತ ನೋಡುವುದನ್ನು ನಿಲ್ಲಿಸಿದ್ದು ಅದರಿಂದ. ಬೆಳಗಾವಿಯ ಸವಿತಾ ಹಾಲಪ್ಪನವರ್ ನಿಮಗೆ ನೆನಪಿರಬಹುದು. ದಂತವೈದ್ಯೆ, 31 ವರ್ಷ, ಗರ್ಭಿಣಿ. ಗರ್ಭ ಉಳಿಯುವುದಿಲ್ಲ ಅಂತ ತಿಳಿದ ಮೇಲೂ ಅವರು ಕೇಳಿಕೊಂಡ ಗರ್ಭಪಾತವನ್ನು ಮಾಡಲಿಲ್ಲ, ಸೋಂಕು ಏರಿ 2012ರ ಅಕ್ಟೋಬರ್ 28ರಂದು ಗಾಲ್ವೇಯಲ್ಲಿ ತೀರಿಕೊಂಡರು. ಗರ್ಭಪಾತವನ್ನು ಬಿಗಿಯಾಗಿ ನಿಷೇಧಿಸಿದ್ದ ಸಂವಿಧಾನದ ಎಂಟನೇ ತಿದ್ದುಪಡಿಯ ವಿರುದ್ಧದ ಹೋರಾಟಕ್ಕೆ ಅವರ ಮುಖವೇ ಗುರುತಾಯಿತು. 2018ರ ಮೇ 25ರಂದು ನಡೆದ ಜನಮತದಲ್ಲಿ ಶೇ 66.4 ಮಂದಿ ಅದನ್ನು ತೆಗೆದುಹಾಕಲು ಮತ ಹಾಕಿದರು. ಡಬ್ಲಿನ್ನಿನ ಒಂದು ಗೋಡೆಯ ಮೇಲೆ ಬರೆದಿದ್ದ ಅವರ ಚಿತ್ರಕ್ಕೆ ಜನ ಸಾಲುಗಟ್ಟಿ ಚೀಟಿ ಅಂಟಿಸಿದರು.

ಐರ್ಲೆಂಡಿನ ಜನಮತದಲ್ಲಿ ಮತ ಹಾಕಬಹುದಾದವರು ಐರಿಷ್ ಪ್ರಜೆಗಳು ಮಾತ್ರ. ಸ್ಥಳೀಯ ಚುನಾವಣೆಯಲ್ಲಿ ಯಾವ ದೇಶದ ನಿವಾಸಿಯೂ ಮತ ಹಾಕಬಹುದು, ಇದರಲ್ಲಿ ಇಲ್ಲ. ಅಂದರೆ ಸವಿತಾ ಹಾಗೆಯೇ ಕೆಲಸ ಹುಡುಕಿಕೊಂಡು ಅಲ್ಲಿಗೆ ಹೋದ, ಅದೇ ಆಸ್ಪತ್ರೆಗಳಲ್ಲಿ ಹೆರಿಗೆಗೆ ಸೇರಬೇಕಾದ, ಪೌರತ್ವ ಪಡೆಯದ ಕನ್ನಡದ ಹೆಣ್ಣುಮಕ್ಕಳು ಆ ದಿನ ಟೀವಿ ಮುಂದೆ ಕೂತು ನೋಡಿದರು. ನನ್ನ ಹೆಂಡತಿಯ ಗೆಳತಿಯೊಬ್ಬರು ಆಗ ಆರು ತಿಂಗಳ ಗರ್ಭಿಣಿ. "ನಮ್ಮ ಬಗ್ಗೆನೇ ವೋಟಿಂಗ್ ನಡೀತಿತ್ತು, ನಾವು ಮಾತ್ರ ಗೆಸ್ಟು" ಅಂದಿದ್ದರು. ಒಂದು ಜಾಗದ ಕಾನೂನು ನಿಮ್ಮ ಮೈಮೇಲೆ ಓಡುತ್ತಿರುವಾಗ ಅದರಲ್ಲಿ ನಿಮ್ಮ ಮಾತು ಇರಬೇಕು ಅಂತ ಬಯಸುವುದು ಸ್ವಾರ್ಥವೋ, ನಿಷ್ಠೆಯೋ? ನಾನು ಇದನ್ನು ನಿಷ್ಠೆ ಅಂತಲೇ ಕರೀತೀನಿ. ಪ್ರಮಾಣದಲ್ಲಿ ನಾನು ಪ್ರಾಮಾಣಿಕವಾಗಿ ಹೇಳಬಹುದಾದ ಅರ್ಥ ಅದೊಂದೇ: ಇಲ್ಲಿ ಏನಾಗುತ್ತದೋ ಅದು ನನ್ನ ತಲೆನೋವು.

ಪುಸ್ತಕ ಸಿಕ್ಕ ಮಾತ್ರಕ್ಕೆ ಆಚೆ ಕಡೆಯವರು ಒಪ್ಪುತ್ತಾರೆ ಅಂತ ಭ್ರಮೆ ಬೇಡ. 2025ರ ಬೇಸಿಗೆಯಲ್ಲಿ ಡಬ್ಲಿನ್ನಿನಲ್ಲಿ ಭಾರತೀಯರ ಮೇಲೆ ಹಲ್ಲೆಗಳಾದಾಗ, ಹುಷಾರಾಗಿರಿ ಅಂತ ನಮ್ಮ ರಾಯಭಾರ ಕಚೇರಿ ಸೂಚನೆ ಹೊರಡಿಸಬೇಕಾಯಿತು. ಹೊಡೆಯುವವನು ಜೇಬಿನಲ್ಲಿರೋದು ಯಾವ ಪಾಸ್‌ಪೋರ್ಟ್ ಅಂತ ಕೇಳಿ ಹೊಡೆಯಲ್ಲ. ಆ ತಿಂಗಳು ನಾನೂ ಕತ್ತಲಾದ ಮೇಲೆ ಹೊರಗೆ ಹೋಗಲಿಲ್ಲ. ಅದೇ ತಿಂಗಳು ಪಕ್ಕದ ಮನೆಯ ಮುದುಕ, ಮಾತು ಕಡಿಮೆ, ನನ್ನ ಕಸದ ಡಬ್ಬವನ್ನೂ ತಾನೇ ಗೇಟಿನಾಚೆ ಎಳೆದಿಡೋಕೆ ಶುರು ಮಾಡಿದ.

ಇನ್ನು ಜಮೀನಿನ ವಿಷಯ. ನನ್ನ ಬಿಇ ಫೀಸಿಗೆ ಅಪ್ಪ ಮುಕ್ಕಾಲು ಎಕರೆ ತೋಟ ಮಾರಿದ್ದರು. ಅದನ್ನು ವಾಪಸ್ ಕೊಳ್ಳಬೇಕು ಅನ್ನೋದು ನಾನು ಮನಸ್ಸಿನಲ್ಲೇ ಮಾಡಿಕೊಂಡಿದ್ದ ಆಣೆ, ಯಾರ ಮುಂದೆಯೂ ಅಲ್ಲ. ಒಸಿಐ ಕಾರ್ಡ್ ತಗೊಂಡರೆ ವೀಸಾ ಇಲ್ಲದೆ ಊರಿಗೆ ಬಂದು ಹೋಗಬಹುದು, ಪಿತ್ರಾರ್ಜಿತ ಬಂದರೆ ಇಟ್ಟುಕೊಳ್ಳಬಹುದು. ಮತ ಇಲ್ಲ. ಕೃಷಿ ಭೂಮಿ ಕೊಳ್ಳೋ ಹಾಗಿಲ್ಲ. ಈಗ ಎನ್‌ಆರ್‌ಐ ಆಗಿಯೂ ಕೊಳ್ಳೋ ಹಾಗಿಲ್ಲ ಅನ್ನೋದು ನಿಜ, ಆದರೆ ಭಾರತದ ಪ್ರಜೆಯಾಗಿ ವಾಪಸ್ ಬಂದು ನೆಲೆಸಿದರೆ ಕೊಳ್ಳಬಹುದಿತ್ತು. ನಾನು ವಾಪಸ್ ಬರುತ್ತೇನಾ? ಪ್ರತಿ ವರ್ಷ ಬರುತ್ತೇನೆ ಅಂತೀನಿ. ಆ ಮುಕ್ಕಾಲು ಎಕರೆ ಬಹುಶಃ ನಾನು ನನಗೇ ಹೇಳಿಕೊಳ್ಳುತ್ತಿರುವ ಕಥೆಯ ಪಹಣಿ. ಅಣ್ಣನ ಹೆಸರಿಗೆ ಕೊಳ್ಳಲಿ ಅಂತ ಮೊನ್ನೆ ಹೇಳಿದೆ, ದುಡ್ಡು ನಾನು ಕಳಿಸ್ತೀನಿ ಅಂತ. "ನೋಡಾನ ಬಿಡು" ಅಂದ. ಯಾವ ಅರ್ಥದಲ್ಲಿ ಅಂದನೋ.

ಅರ್ಜಿ ಹಾಕುತ್ತೇನೆ. ಫಾರ್ಮು ತುಂಬಿ ಡ್ರಾಫ್ಟಿನಲ್ಲಿದೆ, ಗುರುತು ಹಾಕಿಟ್ಟ ತಾರೀಖು ಬಂದು ಹೋಗಿ ಆರು ವಾರ ಆಯಿತು. ಒಂದು ದೇಶದ ಹೊಣೆ ಹೊರುತ್ತೇನೆ ಅನ್ನೋ ಅರ್ಜಿಗೋಸ್ಕರ ಚೆಂಡು ಹಿಡಿದು ಕೂತ ಅಪ್ಪನಿಗೆ ಸುಳ್ಳು ಹೇಳಿದ ದಿನಗಳು ಆ ಅರ್ಜಿಯ ಲೆಕ್ಕದೊಳಗೇ ಕೂತಿವೆ. ಅಪ್ಪನಿಗೆ ಈಗ ಕೈ ಭುಜದವರೆಗೆ ಏಳುತ್ತದೆ. ಹೆಬ್ಬೆರಳು ಇನ್ನೂ ಮಡಚೋಕಾಗಲ್ಲ. ಮುಂದಿನ ಶುಕ್ರವಾರ ಹೊರಡ್ತಾ ಇದ್ದೀನಿ, ಆಫೀಸಿಗೆ ಎರಡು ತಿಂಗಳು ಅಂತ ಹೇಳಿದ್ದೀನಿ, ಬೇಕಾದರೆ ಇನ್ನೂ ಸ್ವಲ್ಪ ದಿನ. 'ಸತತ' ಮುರಿದು ಬೀಳುತ್ತದೆ, ಅರ್ಜಿ ಮುಂದಿನ ವರ್ಷಕ್ಕೆ ಹೋಗುತ್ತದೆ. ವಾಪಸ್ ಟಿಕೆಟ್ ಮಾಡಿಸಿಲ್ಲ. ಶೀಟಿನಲ್ಲಿ ಹೊಸ ಸಾಲು ಸೇರಿಸಿ ಎ ಕಾಲಮ್ಮಿನಲ್ಲಿ ಶುಕ್ರವಾರದ ತಾರೀಖು ಹಾಕಿ ಬಿ ಕಾಲಮ್ಮನ್ನು ಖಾಲಿ ಬಿಟ್ಟೆ. ಎಕ್ಸೆಲ್‌ಗೆ ಖಾಲಿ ಅಂದರೆ ಸೊನ್ನೆ. ಸಿ ಕಾಲಮ್ಮಿನಲ್ಲಿ ಮೈನಸ್ 46 ಸಾವಿರ ಚಿಲ್ಲರೆ ದಿನ ಅಂತ ತೋರಿಸ್ತಾ ಇದೆ.